ಕಪಾಟು ಬದಲಾದಾಗ ಮಾತೂ ಬದಲಾಯಿತು: ‘ಬೋನ್’ ಕಾಮಿಕ್ಸ್ ಬಗ್ಗೆ ಓದುಗರು ಹೇಳಿದ್ದು

2010ರ ಏಪ್ರಿಲ್. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ರೋಸ್‌ಮೌಂಟ್, ಆಪಲ್ ವ್ಯಾಲಿ, ಈಗನ್ ಊರುಗಳ ಶಾಲೆಗಳನ್ನು ನೋಡಿಕೊಳ್ಳುವ ಶಾಲಾ ಜಿಲ್ಲೆಯ ಮುಂದೆ ಒಂದು ದೂರು ಬಂದಿತ್ತು. ಕೊಟ್ಟವರು ಒಬ್ಬ ತಾಯಿ. ಮಗ ಶಾಲೆಯ ಲೈಬ್ರರಿಯಿಂದ ತಂದ ಕಾಮಿಕ್ಸ್‌ನಲ್ಲಿ ಹೊಗೆ ಸೇದುವುದು, ಕುಡಿಯುವುದು, ಜೂಜಾಡುವುದು ಇದೆ, ಗಂಡು ಹೆಣ್ಣಿನ ವಿಷಯದ ಸೂಚನೆಗಳೂ ಇವೆ, ಪ್ರಾಥಮಿಕ ಶಾಲೆಗಳಿಂದ ಇದನ್ನು ತೆಗೆಯಿರಿ ಅನ್ನುವುದು ಅವರ ಬೇಡಿಕೆ. ಪರಿಶೀಲನಾ ಸಮಿತಿ ಕೂತು ಚರ್ಚಿಸಿತು. 10 ಜನ ಪುಸ್ತಕ ಇರಲಿ ಎಂದರು. ಒಬ್ಬರು ಬೇಡ ಎಂದರು. ಪುಸ್ತಕ ಉಳಿಯಿತು.

ಆ ಸರಣಿಯ ಹೆಸರು ‘ಬೋನ್’. ಬರೆದು ಚಿತ್ರಿಸಿದವರು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಬೆಳೆದ ಜೆಫ್ ಸ್ಮಿತ್. ಅಮೆರಿಕದ ಮಕ್ಕಳ ಸಾಹಸ ಕಾಮಿಕ್ಸ್ ಅಂದರೆ ಇವತ್ತು ಮೊದಲು ನೆನಪಾಗುವ ಹೆಸರುಗಳಲ್ಲಿ ಇದೂ ಒಂದು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ದೂರಿನಲ್ಲಿದ್ದ ಸಿಗಾರ್, ಬಿಯರ್, ಜೂಜು ಎಲ್ಲವೂ 1990ರ ದಶಕದಿಂದಲೇ ಅದೇ ಪುಟಗಳಲ್ಲಿ ಇದ್ದವು. ಆ ಪುಟಗಳನ್ನು ಓದಿದ ಜನ ಹೊಗಳಿದ್ದರು, ಬೈದಿದ್ದರು, ಕೊನೆಯ ಸಂಚಿಕೆಗೆ ಅತ್ತಿದ್ದರು. ಆ ಓದುಗರಿಗೆ ಸಿಗಾರ್ ಒಂದು ವಿಷಯವೇ ಆಗಿರಲಿಲ್ಲ. ಹಾಗಾದರೆ ನಡುವೆ ಆಗಿದ್ದೇನು?

ಪುಸ್ತಕ ಇಟ್ಟ ಕಪಾಟು ಬದಲಾಯಿತು. ಒಂದು ಪುಸ್ತಕದ ಬಗ್ಗೆ ಓದುಗರು ಏನು ಹೇಳುತ್ತಾರೆ ಅನ್ನುವುದು ಅವರು ಅದನ್ನು ಎಲ್ಲಿಂದ ಎತ್ತಿಕೊಂಡರು, ಯಾರಿಗೋಸ್ಕರ ಎತ್ತಿಕೊಂಡರು ಅನ್ನುವುದರ ಮೇಲೆ ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ನಿಂತಿದೆ. ‘ಬೋನ್’ ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ.

ಕಥೆ ಏನು?

ಬೋನ್‌ವಿಲ್ ಎಂಬ ಊರಿಂದ ಮೂವರು ಸೋದರಸಂಬಂಧಿಗಳು ಓಡಿ ಬರುತ್ತಾರೆ. ಬಿಳಿ ಮೈ, ಗುಂಡು ಮೂಗು, ಬೋಳು ತಲೆ. ಫೋನಿ ಬೋನ್ ದುಡ್ಡಿನ ಆಸೆಬುರುಕ. ಮೇಯರ್ ಚುನಾವಣೆಗೆ ನಿಂತು ಊರನ್ನೆಲ್ಲ ಸಿಟ್ಟಿಗೆಬ್ಬಿಸಿದ್ದಾನೆ. ಸ್ಮೈಲಿ ಬೋನ್ ಬಾಯಲ್ಲಿ ಸದಾ ಸಿಗಾರ್, ತಲೆಯಲ್ಲಿ ಚಿಂತೆ ಅನ್ನುವುದೇ ಇಲ್ಲ. ನಡುವೆ ಫೋನ್ ಬೋನ್, ಒಳ್ಳೆಯವನು, ಬ್ಯಾಗಿನಲ್ಲಿ ‘ಮೋಬಿ ಡಿಕ್’ ಕಾದಂಬರಿ ಹೊತ್ತುಕೊಂಡು ತಿರುಗುವವನು. ಮಿಡತೆಗಳ ದೊಡ್ಡ ಹಿಂಡೊಂದು ಬಂದು ಮೂವರನ್ನೂ ದಿಕ್ಕಾಪಾಲು ಮಾಡುತ್ತದೆ. ಫೋನ್ ಬೋನ್ ಒಂದು ಕಣಿವೆಗೆ ಬಂದು ಬೀಳುತ್ತಾನೆ. ಅಲ್ಲಿ ಥಾರ್ನ್ ಎಂಬ ಹುಡುಗಿ, ಹಸುಗಳ ಜೊತೆ ಓಟದ ಪಂದ್ಯಕ್ಕೆ ನಿಲ್ಲುವ ಗಟ್ಟಿಗಿತ್ತಿ ಅಜ್ಜಿ ಬೆನ್, ಹೆಂಡದಂಗಡಿಯ ಲೂಷಿಯಸ್, ಯಾರೂ ನಂಬದ ಒಂದು ಕೆಂಪು ಡ್ರ್ಯಾಗನ್, ಕಾಡಿನ ತುಂಬಾ ಇಲಿ ರಾಕ್ಷಸರು. ನಗುನಗುತ್ತಾ ಶುರುವಾಗುವ ಕಥೆ ಮೆಲ್ಲಗೆ ಕಪ್ಪಾಗುತ್ತದೆ. ಥಾರ್ನ್ ಯಾರು ಅನ್ನುವ ಗುಟ್ಟು ಬಿಚ್ಚಿಕೊಳ್ಳುತ್ತದೆ, ಯುದ್ಧ ಬರುತ್ತದೆ. 55 ಸಂಚಿಕೆ, ಪುಸ್ತಕವಾಗಿ ಒಂಬತ್ತು ಭಾಗ, 1300ಕ್ಕೂ ಹೆಚ್ಚು ಪುಟ, ಒಂದೇ ಕಥೆ.

ಸ್ಮಿತ್ ಕಾಮಿಕ್ಸ್‌ಗೆ ಬರುವ ಮೊದಲು ಅನಿಮೇಷನ್ ಸ್ಟುಡಿಯೋ ನಡೆಸಿದವರು. ಆ ಕೈಗುಣ ಪುಟಪುಟದಲ್ಲೂ ಕಾಣುತ್ತದೆ. ಮೊದಲ ಭಾಗದ ಒಂದು ಜಾಗ ನೋಡಿ. ಚಳಿಗಾಲ ಬರುತ್ತದೆ ಎಂದು ಫೋನ್ ಬೋನ್‌ಗೆ ಗೊತ್ತು. ಆಕಾಶ ನೋಡುತ್ತಾನೆ. ಹಿಮ ನಿಧಾನಕ್ಕೆ ಉದುರುತ್ತದೆ, ತಯಾರಿಗೆ ಟೈಮ್ ಇದೆ ಅಂದುಕೊಂಡಿದ್ದಾನೆ. ಮುಂದಿನ ಚಿತ್ರದಲ್ಲಿ ಇಡೀ ಚಳಿಗಾಲದ ಹಿಮ ಒಂದೇ ಏಟಿಗೆ ಧೊಪ್ಪನೆ ಬಿದ್ದಿರುತ್ತದೆ. ಬೀಳುವುದನ್ನು ತೋರಿಸುವುದೇ ಇಲ್ಲ. ಒಂದು ಚಿತ್ರದಲ್ಲಿ ಬರೀ ನೆಲ, ಇನ್ನೊಂದರಲ್ಲಿ ಹಿಮದ ರಾಶಿ. ಎರಡು ಚಿತ್ರಗಳ ನಡುವಿನ ಆ ಖಾಲಿ ಜಾಗದಲ್ಲೇ ನಗು ಹುಟ್ಟುತ್ತದೆ. ಆರು ವರ್ಷದ ಮಗುವೂ ನಗುತ್ತದೆ, ಅರವತ್ತರವರೂ ನಗುತ್ತಾರೆ. ಮಾತು ಬೇಕಾಗಿಲ್ಲ.

ಇನ್ನೊಂದು ಜಾಗ ಓದುಗರೆಲ್ಲರ ಬಾಯಲ್ಲಿದೆ. ಇಲಿ ರಾಕ್ಷಸರಿಬ್ಬರು ಅಟ್ಟಿಸಿಕೊಂಡು ಬಂದಾಗ ಫೋನ್ ಬೋನ್ ಬಂಡೆಯ ಅಂಚಿನಿಂದ ಹಾರಿ ಒಂದು ಬಡಕಲು ಕೊಂಬೆಗೆ ಜೋತುಬೀಳುತ್ತಾನೆ. ಇಷ್ಟು ಸಣ್ಣ ಕೊಂಬೆಗೆ ನನ್ನ ಹಿಂದೆ ಹಾರಬೇಕಾದರೆ ಅವು ಎಷ್ಟು ದಡ್ಡ ಇರಬೇಕು ಅಂದುಕೊಳ್ಳುತ್ತಾನೆ. ಪುಟ ಮುಂದೆ ಹೋದರೆ ಇಬ್ಬರೂ ಅದೇ ಕೊಂಬೆಗೆ ನೇತಾಡುತ್ತಿದ್ದಾರೆ. ಆಗ ಅವನು ಬೈಯುವ ಬೈಗುಳವನ್ನು ಅಮೆರಿಕದಲ್ಲಿ ಈ ಪುಸ್ತಕ ಓದಿ ಬೆಳೆದವರು ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. ಆ ರಾಕ್ಷಸರಲ್ಲಿ ಒಬ್ಬನಿಗೆ ಸಿಕ್ಕ ಬೇಟೆಯನ್ನು ಕೀಶ್ ಮಾಡಿ ತಿನ್ನುವ ಆಸೆ. ಕೀಶ್ ಅಂದರೆ ಮೊಟ್ಟೆ, ಕೆನೆ ಹಾಕಿ ಬೇಯಿಸುವ ಫ್ರೆಂಚ್ ತಿನಿಸು. ಅದು ರಾಕ್ಷಸರು ತಿನ್ನುವ ತಿಂಡಿಯಾ ಅಂತ ಇನ್ನೊಬ್ಬನ ಜಗಳ. ಹೆದರಿಸುವ ಪ್ರಾಣಿಗಳು ಅಡುಗೆಯ ಬಗ್ಗೆ ಕಿತ್ತಾಡುತ್ತವೆ. ಭಯವೂ ನಗುವೂ ಒಂದೇ ಪುಟದಲ್ಲಿ ಇರುತ್ತವೆ. ಪುಸ್ತಕದ ಗುಣ ಇದು. ಮುಂದೆ ಬಂದ ತಕರಾರುಗಳಿಗೆಲ್ಲ ಮೂಲವೂ ಇದೇ.

ಮೊದಲ ಓದುಗರು

1991ರ ಜುಲೈಯಲ್ಲಿ ಮೊದಲ ಸಂಚಿಕೆ ಬಂತು. ಕಪ್ಪು ಬಿಳುಪು. ದೊಡ್ಡ ಪ್ರಕಾಶಕರು ಯಾರೂ ಹಿಂದೆ ಇರಲಿಲ್ಲ. ಸ್ಮಿತ್ ತಮ್ಮದೇ ‘ಕಾರ್ಟೂನ್ ಬುಕ್ಸ್’ ಹೆಸರಲ್ಲಿ ಹಾಕಿಸಿದರು. ಶುರುವಿನಲ್ಲಿ ಅಂಗಡಿಗಳಿಂದ ಬಂದ ಬೇಡಿಕೆ ತೀರಾ ಕಡಿಮೆ. ಅವರ ಹೆಂಡತಿ ವಿಜಯಾ ಅಯ್ಯರ್ ಸಿಲಿಕಾನ್ ವ್ಯಾಲಿಯ ಕೆಲಸ ಬಿಟ್ಟು ಬಂದು ವ್ಯವಹಾರದ ಕಡೆಯನ್ನು ಪೂರ್ತಿ ಕೈಗೆ ತೆಗೆದುಕೊಂಡ ಮೇಲೆ ಪ್ರಕಾಶನ ನಿಂತುಕೊಂಡಿತು. ಈ ಕಥೆ ಹೇಳುವಾಗ ಅವರ ಹೆಸರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹಳೆಯ ಸಂಚಿಕೆಗಳನ್ನು ಪುಸ್ತಕ ಮಾಡಿ, ಅವು ಎಂದೂ ಮಾರುಕಟ್ಟೆಯಲ್ಲಿ ತೀರದಂತೆ ನೋಡಿಕೊಂಡದ್ದು ಆಗ ಕಾಮಿಕ್ಸ್ ಲೋಕದಲ್ಲಿ ಅಪರೂಪದ ಕೆಲಸ. ಇಪ್ಪತ್ತನೆಯ ಸಂಚಿಕೆ ನೋಡಿ ಆಸೆಪಟ್ಟವನು ಮೊದಲನೆಯದರಿಂದ ಓದಲು ಸಾಧ್ಯವಾಯಿತು. ಆ ಸೌಲಭ್ಯ ಇಲ್ಲದಿದ್ದರೆ ಇಷ್ಟು ಉದ್ದದ ಕಥೆಗೆ ಹೊಸ ಓದುಗರು ಹುಟ್ಟುತ್ತಲೇ ಇರಲಿಲ್ಲ.

ಆಗ ‘ಬೋನ್’ ಸಿಗುತ್ತಿದ್ದದ್ದು ಕಾಮಿಕ್ಸ್ ಅಂಗಡಿಗಳಲ್ಲಿ. ಅಲ್ಲಿಗೆ ಹೋಗುತ್ತಿದ್ದವರು ಹೆಚ್ಚಿನವರು ದೊಡ್ಡವರು. ಸೂಪರ್‌ಹೀರೋ ಕಥೆಗಳೇ ತುಂಬಿದ್ದ ಆ ಅಂಗಡಿಗಳಲ್ಲಿ ಇದು ಬೇರೆ ಥರದ ಪುಸ್ತಕ. ಹೆಂಡತಿಗೆ, ಮಗಳಿಗೆ, ಅಮ್ಮನಿಗೆ ಓದಲು ಕೊಡಬಹುದಾದ ಕಾಮಿಕ್ಸ್ ಅಂತ ಹೆಸರು ಪಡೆಯಿತು. ಇನ್ನು ತಕರಾರುಗಳು: ಸಂಚಿಕೆ ಸರಿಯಾಗಿ ಬರುವುದಿಲ್ಲ, ಎರಡು ತಿಂಗಳು ಕಾದರೂ ಕಥೆ ಒಂದು ಹೆಜ್ಜೆ ಮಾತ್ರ ಮುಂದೆ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ತಕರಾರು, ತಮಾಷೆಯಾಗಿ ಶುರುಮಾಡಿ ಈಗ ಯಾಕೆ ರಾಜಕುಮಾರಿ, ಶಾಪ, ಕನಸಿನ ಲೋಕ ಅಂತ ಹೊರಟಿದ್ದೀರಿ ಅನ್ನುವುದು. ಹಸು ಓಟದ ‘ಬೋನ್’ ಬೇಕು ಅನ್ನುವವರು ಒಂದು ಕಡೆ, ಯುದ್ಧದ ‘ಬೋನ್’ ಬೇಕು ಅನ್ನುವವರು ಇನ್ನೊಂದು ಕಡೆ. ಈ ಜಗಳ ಇವತ್ತಿಗೂ ಮುಗಿದಿಲ್ಲ.

ತಾವು ಮಕ್ಕಳಿಗೆಂದೇ ಬರೆದದ್ದಲ್ಲ ಎಂದು ಸ್ಮಿತ್ ಹಲವು ಸಲ ಹೇಳಿದ್ದಾರೆ. ಚಿಕ್ಕವರಿದ್ದಾಗ ಡಿಸ್ನಿಯ ಬಾತುಕೋಳಿ ಕಾಮಿಕ್ಸ್ ಓದಿ ಬೆಳೆದವರು ಅವರು. ಅಂಥದೇ ಕಥೆ ಸಾವಿರ ಪುಟ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನುವ ಆಸೆ ಮನಸ್ಸಲ್ಲಿ ಉಳಿದಿತ್ತು. ಅದನ್ನೇ ಮಾಡಿದರು. 1990ರ ದಶಕದ ಕೊನೆಯಲ್ಲಿ ಮಕ್ಕಳ ಟಿವಿ ಚಾನೆಲ್ ನಿಕಲೋಡಿಯನ್ ಸಿನಿಮಾ ಮಾಡಲು ಮುಂದೆ ಬಂದಾಗ ಪಾತ್ರಗಳಿಗೆ ಮಕ್ಕಳ ಧ್ವನಿ ಇರಲಿ, ನಡುನಡುವೆ ಪಾಪ್ ಹಾಡು ಇರಲಿ ಎಂದು ಕೇಳಿತು. ಸ್ಮಿತ್ ಒಪ್ಪಲಿಲ್ಲ. ಸಿನಿಮಾ ನಿಂತುಹೋಯಿತು. ‘ಮಕ್ಕಳಿಗೆ ಅಂದರೆ ಹೀಗಿರಬೇಕು’ ಎಂಬ ದೊಡ್ಡವರ ಲೆಕ್ಕಾಚಾರ ಈ ಪುಸ್ತಕದ ಮೇಲೆ ಬಂದು ಕೂತದ್ದು ನನಗೆ ತಿಳಿದ ಹಾಗೆ ಅದೇ ಮೊದಲ ಸಲ. ಕೊನೆಯ ಸಲ ಆಗಲಿಲ್ಲ.

2004ರ ಜೂನ್‌ನಲ್ಲಿ 55ನೇ ಸಂಚಿಕೆಯೊಂದಿಗೆ ಕಥೆ ಮುಗಿಯಿತು. ಅದೇ ವರ್ಷ ಎಲ್ಲವನ್ನೂ ಒಂದೇ ಸಂಪುಟದಲ್ಲಿ ಹಾಕಿದರು, ಬೆಲೆ ಸುಮಾರು 40 ಡಾಲರ್. ಹದಿಮೂರು ವರ್ಷ ಬಿಡಿಬಿಡಿಯಾಗಿ ಓದಿದವರಿಗೆ ಆ ದಪ್ಪ ಪುಸ್ತಕ ಬೇರೆಯದೇ ಅನುಭವ ಕೊಟ್ಟಿತು. ನಿಧಾನ ಅನ್ನಿಸಿದ್ದ ನಡುವಿನ ಭಾಗ ಒಟ್ಟಿಗೆ ಓದಿದಾಗ ಓಡುತ್ತದೆ ಅನ್ನುವ ಮಾತು ಆಗ ಶುರುವಾಯಿತು. ಎರಡು ತಿಂಗಳಿಗೊಮ್ಮೆ ಇಪ್ಪತ್ತು ಚಿಲ್ಲರೆ ಪುಟ ಓದುವವನೂ ಒಂದು ವಾರದಲ್ಲಿ 1300 ಪುಟ ಓದುವವನೂ ಒಂದೇ ಕಥೆ ಓದಿದರು ಅನ್ನಲಾಗದು.

ಬಣ್ಣದ ಜಗಳ

2002ರಲ್ಲಿ ಅಟ್ಲಾಂಟಾದಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮ್ಮೇಳನ. ಅದಕ್ಕೆ ಮುಂಚೆ ಗ್ರಾಫಿಕ್ ಕಾದಂಬರಿಗಳ, ಅಂದರೆ ಪುಸ್ತಕ ರೂಪದ ಉದ್ದ ಕಾಮಿಕ್ಸ್‌ಗಳ ಬಗ್ಗೆಯೇ ಒಂದು ಪ್ರತ್ಯೇಕ ಸಭೆ ಇಟ್ಟಿದ್ದರು. ಸ್ಮಿತ್ ಜೊತೆ ಕಾಮಿಕ್ಸ್ ಲೋಕದ ಆರ್ಟ್ ಸ್ಪೀಗಲ್‌ಮನ್, ನೀಲ್ ಗೈಮನ್, ಕೊಲೀನ್ ಡೊರಾನ್ ಬಂದು ಮಾತಾಡಿದರು. ಗ್ರಂಥಪಾಲಕರು ಹೇಳುತ್ತಿದ್ದದ್ದು ಸರಳ ಮಾತು. ಪುಸ್ತಕ ಅಂದರೆ ದೂರ ಓಡುವ ಹುಡುಗರು ಇವನ್ನು ಕೇಳಿಕೊಂಡು ಬರುತ್ತಾರೆ, ಹಿಂದಕ್ಕೆ ಬಂದ ಪುಸ್ತಕ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ಕಾಮಿಕ್ಸ್ ಅಂಗಡಿಗೆ ಕಾಲಿಡದ ಮಕ್ಕಳ ಕೈಗೆ ‘ಬೋನ್’ ಕೊಟ್ಟವರು ಈ ಗ್ರಂಥಪಾಲಕರು. ಈ ಪ್ರಕರಣದಲ್ಲಿ ನಾನು ಮನಸಾರೆ ಗೌರವಿಸುವ ಜನ ಇವರೇ.

ಮಕ್ಕಳ ಪುಸ್ತಕಗಳ ದೊಡ್ಡ ಪ್ರಕಾಶಕರಾದ ಸ್ಕೊಲಾಸ್ಟಿಕ್ 2005ರಲ್ಲಿ ‘ಗ್ರಾಫಿಕ್ಸ್’ ಎಂಬ ವಿಭಾಗ ತೆರೆದರು. ಅದರ ಮೊದಲ ಪುಸ್ತಕವೇ ‘ಬೋನ್’ನ ಮೊದಲ ಭಾಗ, ಈ ಸಲ ಬಣ್ಣದಲ್ಲಿ. 2009ರ ಹೊತ್ತಿಗೆ ಒಂಬತ್ತೂ ಭಾಗ ಬಂದವು. ಬಣ್ಣ ಹಾಕಿದವರು ಸ್ಟೀವ್ ಹಮೇಕರ್.

ಹಳೆಯ ಓದುಗರಿಗೆ ಇದು ಹಿಡಿಸಲಿಲ್ಲ. ಸುಮ್ನೆ ಹಟ ಅಂತ ತಳ್ಳಿಹಾಕಬೇಡಿ, ಅವರ ಮಾತಲ್ಲಿ ಹುರುಳಿದೆ. ಸ್ಮಿತ್ ಕಪ್ಪು ಮಸಿಗೆಂದೇ ಚಿತ್ರ ಯೋಚಿಸಿದವರು. ಬೋನ್‌ಗಳ ಬಿಳಿ ಮೈಯಲ್ಲಿ ಹೆಚ್ಚು ಗೆರೆಗಳೇ ಇಲ್ಲ. ಸುತ್ತಲ ಕಾಡು, ಬಂಡೆ, ಮರದ ತೊಗಟೆಯಲ್ಲಿ ಗೆರೆಗಳೇ ಗೆರೆಗಳು. ಕಣ್ಣು ತಾನಾಗಿ ಬಿಳಿಯ ಕಡೆ ಹೋಗುತ್ತದೆ. ಓಹಾಯೋದ ಹಾಕಿಂಗ್ ಹಿಲ್ಸ್‌ನಲ್ಲಿ ‘ಓಲ್ಡ್ ಮ್ಯಾನ್ಸ್ ಕೇವ್’ ಅನ್ನುವ ನಿಜವಾದ ಜಾಗವಿದೆ. ಕಥೆಯ ಕಾಡು ಬಂಡೆಗಳು ಅಲ್ಲಿಂದ ಬಂದವು, ಒಂದು ಭಾಗಕ್ಕೆ ಅದೇ ಹೆಸರೂ ಇದೆ. ರಾತ್ರಿ ದೃಶ್ಯದಲ್ಲಿ ಪುಟ ಪೂರ್ತಿ ಕಪ್ಪು, ನಡುವೆ ಇಲಿ ರಾಕ್ಷಸರ ಕಣ್ಣುಗಳು ಮಾತ್ರ. ಬಣ್ಣದ ಆವೃತ್ತಿಯಲ್ಲಿ ಆ ಕತ್ತಲೆ ತಿಳಿಯಾಗಿ ಹೆದರಿಕೆ ಸ್ವಲ್ಪ ಕಳೆದುಹೋಗುತ್ತದೆ ಅನ್ನುವುದು ಅವರ ದೂರು.

ಇನ್ನೊಂದು ಕಡೆಯ ವಾದವೂ ಗಟ್ಟಿ. ಬಣ್ಣ ಹಾಕಲು ಒತ್ತಾಯಿಸಿದವರಲ್ಲಿ ಸ್ಪೀಗಲ್‌ಮನ್ ಕೂಡ ಒಬ್ಬರು. ಎರಡನೆಯ ಮಹಾಯುದ್ಧದ ಯಹೂದಿ ಹತ್ಯಾಕಾಂಡದ ಬಗ್ಗೆ ಕಪ್ಪು ಬಿಳುಪಲ್ಲೇ ಪುಸ್ತಕ ಮಾಡಿದವರು ಈ ಕಥೆಗೆ ಬಣ್ಣ ಬೇಕು ಅಂದರೆ ಅದಕ್ಕೆ ತೂಕವಿದೆ. ನಾನು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದೇನೆ. ಕಣಿವೆಗೆ ವಸಂತ ಬರುವ ಪುಟಗಳು ಬಣ್ಣದಲ್ಲಿ ಗೆಲ್ಲುತ್ತವೆ. ಊರು, ಜಾತ್ರೆ, ಹಸು ಓಟದ ಗದ್ದಲ ಬಣ್ಣದಲ್ಲಿ ಬೇಗ ಕಣ್ಣಿಗೆ ಹತ್ತುತ್ತವೆ. ಎಳೆಯ ಓದುಗರಿಗೆ ಯಾರು ಎಲ್ಲಿದ್ದಾರೆ ಅನ್ನುವುದು ತಟ್ಟನೆ ತಿಳಿಯುತ್ತದೆ. ಕಪ್ಪು ಬಿಳುಪಿನಲ್ಲಿ ಕೆಂಪು ಡ್ರ್ಯಾಗನ್ ಕೆಂಪು ಅಂತ ಹೆಸರಿನಿಂದ ಮಾತ್ರ ಗೊತ್ತಾಗುತ್ತಿತ್ತು, ಈಗ ಕಣ್ಣಿಗೇ ಕಾಣುತ್ತದೆ. ಆದರೆ ಹಿಮ ಬಿದ್ದ ಆ ಪುಟ? ಅದು ಕಪ್ಪು ಬಿಳುಪಿನಲ್ಲೇ ಚೆಂದ. ಬಿಳಿ ಕಾಗದವೇ ಹಿಮ ಆಗಿಬಿಡುತ್ತದೆ.

ಬಣ್ಣದ ಜಗಳದಲ್ಲಿ ಮಕ್ಕಳು ಇರಲೇ ಇಲ್ಲ ಅನ್ನುವುದನ್ನು ಗಮನಿಸಿ. ಅವರಿಗೆ ಸಿಕ್ಕಿದ್ದು ಬಣ್ಣದ್ದು, ಓದಿದರು. ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಸ್ಕೊಲಾಸ್ಟಿಕ್ ಶಾಲೆಗಳಲ್ಲಿ ಪುಸ್ತಕ ಮೇಳ ನಡೆಸುವುದರಿಂದ ಊರಲ್ಲಿ ಒಂದೂ ಕಾಮಿಕ್ಸ್ ಅಂಗಡಿ ಇಲ್ಲದ ಮಕ್ಕಳಿಗೂ ಇದು ತಲುಪಿತು. ಆಮೇಲೆ ಬಂದ ಮಕ್ಕಳ ಗ್ರಾಫಿಕ್ ಕಾದಂಬರಿಗಳ ದೊಡ್ಡ ಅಲೆಗೆ ದಾರಿ ಮಾಡಿಕೊಟ್ಟದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ಮಕ್ಕಳು ಏನು ಹೇಳುತ್ತಾರೆ?

ಮಕ್ಕಳು ವಿಮರ್ಶೆ ಬರೆಯುವುದು ಕಡಿಮೆ. ಅವರ ಅಭಿಪ್ರಾಯ ತಿಳಿಯಬೇಕಾದರೆ ಓದುವ ರೀತಿ ನೋಡಬೇಕು. ‘ಮುಂದಿನದು ಎಲ್ಲಿ?’ ಅನ್ನುವುದು ಮೊದಲ ಮಾತು. ಎರಡನೆಯದು, ಓದಿದ್ದನ್ನೇ ತಿರುಗಿ ಓದುವುದು. ಮೊದಲ ಸಲ ಕಥೆಗೆ, ಎರಡನೇ ಸಲ ಇಲಿ ರಾಕ್ಷಸರಿಗೆ, ಮೂರನೇ ಸಲ ಬರೀ ಚಿತ್ರದ ಮೂಲೆಗಳಿಗೆ.

ದೊಡ್ಡವರೂ ಮಕ್ಕಳೂ ಎಲ್ಲಿ ಬೇರೆಯಾಗುತ್ತಾರೆ ಅನ್ನುವುದಕ್ಕೆ ಐದನೆಯ ಭಾಗ ಒಳ್ಳೆಯ ಪರೀಕ್ಷೆ. ಅದರಲ್ಲಿ ಫೋನ್ ಮತ್ತು ಸ್ಮೈಲಿ ಒಂದು ಇಲಿ ರಾಕ್ಷಸರ ಮರಿಯನ್ನು ಬೆಟ್ಟಕ್ಕೆ ಬಿಟ್ಟುಬರಲು ಹೊರಡುತ್ತಾರೆ. ದಾರಿಯಲ್ಲಿ ಅಪ್ಪ ಅಮ್ಮ ಇಲ್ಲದ ಕಾಡುಪ್ರಾಣಿಗಳ ಮರಿಗಳು ಸಿಗುತ್ತವೆ. ರಾಕ್ ಜಾ ಎಂಬ ದೈತ್ಯ ಬೆಟ್ಟದ ಸಿಂಹ ಎದುರಾಗಿ, ನೀವು ಯಾರ ಕಡೆ ಅಂತ ಕೇಳುತ್ತದೆ. ಅದಕ್ಕೆ ಒಳ್ಳೆಯವರೂ ಬೇಡ, ಕೆಟ್ಟವರೂ ಬೇಡ. ಥಾರ್ನ್ ಈ ಭಾಗದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ದೊಡ್ಡ ಓದುಗರು ಅನೇಕರು ಇದನ್ನು ಮುಖ್ಯ ಕಥೆಗೆ ಬೇಡದ ಸುತ್ತುದಾರಿ ಅನ್ನುತ್ತಾರೆ. ಮಕ್ಕಳ ಕಣ್ಣಿಂದ ನೋಡಿದರೆ ಪುಸ್ತಕದ ನಡುಗಂಬವೇ ಇದು. ರಾಕ್ಷಸನ ಮರಿಯನ್ನು ಪ್ರೀತಿಸಬಹುದಾ? ನಮ್ಮನ್ನು ತಿನ್ನಲು ಬಂದವರ ಮಗು ನಮ್ಮ ಗೆಳೆಯ ಆಗಬಹುದಾ? ಬಾರ್ಟಲ್‌ಬಿ ಎಂಬ ಆ ಮರಿಯ ಮೇಲೆ ಓದುವ ಮಗುವಿಗೆ ಬರುವ ಅಕ್ಕರೆಯೇ ಆ ಪ್ರಶ್ನೆಗೆ ಉತ್ತರ. ನನ್ನ ಮಟ್ಟಿಗೆ ಇಲ್ಲಿ ಮಕ್ಕಳ ಓದೇ ಸರಿ.

ಏಳನೆಯ ಭಾಗದ ಹೊತ್ತಿಗೆ ಬರುವ ಕನಸಿನ ಲೋಕದ ವಿವರಣೆಗಳ ವಿಷಯದಲ್ಲಿ ಮಾತ್ರ ಎರಡೂ ಪಂಗಡ ಒಂದೇ. ಅಲ್ಲಿ ಮಾತು ಜಾಸ್ತಿ. ಯಾವ ಶಕ್ತಿ ಯಾರ ಮೈಯಲ್ಲಿ ಸೇರಿದೆ, ಕಥೆಯ ದೊಡ್ಡ ದುಷ್ಟಶಕ್ತಿಯಾದ ಮಿಡತೆಗಳ ಒಡೆಯ ಎಲ್ಲಿ ಸೆರೆಯಾಗಿದ್ದಾನೆ ಅನ್ನುವುದನ್ನು ಪಾತ್ರಗಳು ನಿಂತು ಹೇಳುತ್ತವೆ. ಮೊದಲ ಭಾಗದಲ್ಲಿ ಮಾತಿಲ್ಲದೆ ಹಿಮ ಬೀಳಿಸಿದ ಕೈ ಇಲ್ಲಿ ಬಿಗಿಯಾಗಿದೆ. ಈ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ.

ದೂರುಗಳು

ಈಗ ಮಿನ್ನೆಸೋಟದ ವಿಷಯ. ಆ ತಾಯಿಯನ್ನು ಹಳೆಯ ಕಾಲದವರು ಅಂತ ಗೇಲಿ ಮಾಡಿದವರ ಸಾಲಿಗೆ ನಾನು ಸೇರುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಸದಾ ಸಿಗಾರ್ ಕಚ್ಚಿಕೊಂಡಿರುವ, ಎಲ್ಲರಿಗೂ ಇಷ್ಟವಾಗುವ ಪಾತ್ರ ಕಂಡರೆ ಯಾವ ಅಪ್ಪ ಅಮ್ಮನಿಗೂ ಒಂದು ಕ್ಷಣ ಅಳುಕು ಬರುವುದು ಸಹಜ ಅಲ್ವಾ? ಅವರು ದೂರಿದ ವಸ್ತುಗಳು ಪುಸ್ತಕದಲ್ಲಿ ನಿಜವಾಗಿ ಇವೆ. ಸ್ಮೈಲಿ ಸಿಗಾರ್ ಸೇದುತ್ತಾನೆ. ಲೂಷಿಯಸ್ ಬಿಯರ್ ಮಾರುತ್ತಾನೆ. ಫೋನಿ ಇಡೀ ಊರನ್ನು ಬಾಜಿಗೆ ಎಳೆಯುತ್ತಾನೆ. ಫೋನ್ ಬೋನ್ ಥಾರ್ನ್‌ಗೆ ಮನಸೋತು ಪದ್ಯ ಬರೆಯುತ್ತಾನೆ.

ಆದರೆ ಈ ಬಾಜಿ ಕಥೆಯಲ್ಲಿ ಏನಾಗುತ್ತದೆ ನೋಡಿ. ಫೋನಿ ಒಂದು ನಿಗೂಢ ಹಸು ಬರುತ್ತಿದೆ ಅಂತ ಸುದ್ದಿ ಹಬ್ಬಿಸುತ್ತಾನೆ. ಅದು ಹಸುವಿನ ವೇಷ ಹಾಕಿದ ಸ್ಮೈಲಿ. ಪ್ರತಿ ವರ್ಷ ಗೆಲ್ಲುವ ಅಜ್ಜಿಯ ಮೇಲೆ ಊರವರು ನಂಬಿಕೆ ಕಳೆದುಕೊಂಡು ಆ ಹಸುವಿನ ಮೇಲೆ ಕಟ್ಟುತ್ತಾರೆ. ಕೊನೆಗೆ ಎಲ್ಲ ತಲೆಕೆಳಗಾಗಿ ಫೋನಿ ಮತ್ತು ಸ್ಮೈಲಿ ಸಾಲ ತೀರಿಸಲು ಹೆಂಡದಂಗಡಿಯಲ್ಲಿ ದುಡಿಯಬೇಕಾಗುತ್ತದೆ. ಇಡೀ ಭಾಗ ಓದಿದ ಮಗು ಜೂಜಿನ ಬಗ್ಗೆ ಕಲಿಯುವುದು ಇದನ್ನೇ. ಒಂದೇ ಪುಟ ತೆರೆದು ನೋಡಿದವರಿಗೆ ಕಾಣುವುದು ಜೂಜಿನ ಚಿತ್ರ ಮಾತ್ರ. ದೂರು ಕೊಟ್ಟವರಿಗೂ ಓದಿದವರಿಗೂ ನಡುವಿನ ಅಂತರ ಬಹುಪಾಲು ಇಷ್ಟೇ.

ಹಿಂಸೆಯ ವಿಷಯ ನನಗೆ ಸಿಗಾರ್‌ಗಿಂತ ಗಂಭೀರ. ಇಲಿ ರಾಕ್ಷಸರ ರಾಜ ಕಿಂಗ್‌ಡಾಕ್‌ನ ಕೈ ಕಡಿಯುವ ದೃಶ್ಯವಿದೆ. ಕೊನೆಯ ಭಾಗಗಳಲ್ಲಿ ಊರುಗಳು ಸುಡುತ್ತವೆ, ಓದುಗರಿಗೆ ಪ್ರಿಯವಾದ ಪಾತ್ರವೊಂದು ಸಾಯುತ್ತದೆ. ಏಳು ವರ್ಷದ ಮಗುವಿಗೆ ಇದು ಭಾರ ಆಗಬಹುದು. ಅದೇ ಹತ್ತರ ಮಗು ಆ ಸಾವಿಗೆ ಅತ್ತು, ಮತ್ತೆ ಆ ಪುಟಕ್ಕೆ ಬರುತ್ತದೆ. ಪ್ರಾಥಮಿಕ ಶಾಲೆ ಅನ್ನುವ ಒಂದೇ ಮಾತಿನೊಳಗೆ ಈ ಇಬ್ಬರೂ ಇದ್ದಾರೆ. ಸಮಿತಿಯ ಕಷ್ಟ ಅದೇ. ಎಲ್ಲ ಶಾಲೆಗಳಿಂದಲೂ ತೆಗೆಯಿರಿ ಅಂದಾಗ ಹತ್ತು ವರ್ಷದವನ ಪುಸ್ತಕವೂ ಹೋಗುತ್ತದೆ. 10 ಜನ ಅದಕ್ಕೆ ಒಪ್ಪದಿದ್ದದ್ದು ಸರಿಯಾದ ತೀರ್ಮಾನ.

ಅಲ್ಲಿಗೆ ಮುಗಿಯಲಿಲ್ಲ. ಬೇರೆ ರಾಜ್ಯಗಳಿಂದಲೂ ಆಕ್ಷೇಪ ಬಂತು. ಅಮೆರಿಕದ ಗ್ರಂಥಾಲಯ ಸಂಘ ಪ್ರತಿ ವರ್ಷ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿ ಕೊಡುತ್ತದೆ. 2013ರ ಪಟ್ಟಿಯಲ್ಲಿ ‘ಬೋನ್’ 10ನೇ ಸ್ಥಾನದಲ್ಲಿತ್ತು. ಕೊಟ್ಟ ಕಾರಣಗಳು ಮೂರು: ರಾಜಕೀಯ ದೃಷ್ಟಿಕೋನ, ಜನಾಂಗೀಯ ಭೇದ, ಹಿಂಸೆ. ಮೂರನೆಯದು ನನಗೆ ಅರ್ಥವಾಗುತ್ತದೆ. ಮೊದಲ ಎರಡಕ್ಕೆ ಆಧಾರ ಯಾವ ಪುಟ ಅಂತ ಹುಡುಕಿದೆ, ಸಿಗಲಿಲ್ಲ. ಇವರು ಓದಿದ್ದು ಯಾವ ಪುಸ್ತಕವೋ ಅನ್ನುವ ಅರ್ಥದಲ್ಲಿ ಸ್ಮಿತ್ ಕೂಡ ಅಚ್ಚರಿಪಟ್ಟರು. ಇಂಥ ಪಟ್ಟಿಯಲ್ಲಿ ಕಾರಣಗಳು ಎರಡು ಮೂರು ಪದಗಳಲ್ಲಿ ಮುಗಿಯುತ್ತವೆ. ಯಾರು, ಯಾವ ವಯಸ್ಸಿನ ಮಗುವಿಗಾಗಿ, ಯಾವ ಭಾಗ ನೋಡಿ ಹೇಳಿದರು ಅನ್ನುವುದು ಅಲ್ಲಿ ಇರುವುದಿಲ್ಲ. ಮೆಚ್ಚಿದ ಸಾವಿರ ಮಕ್ಕಳ ಮಾತಿಗೆ ಹೀಗೆ ಒಂದು ಪಟ್ಟಿಯೂ ಇಲ್ಲ. ನನಗೆ ಬೇಸರ ಆಗುವುದು ಅದಕ್ಕೆ.

ನಮ್ಮಲ್ಲೂ ಈ ಕಪಾಟಿನ ಮಹಿಮೆ ಇದೆ. ಚಂದಮಾಮದಲ್ಲಿ ವಿಕ್ರಮ ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ಚಿತ್ರ ನೋಡುತ್ತಲೇ ಕನ್ನಡದ ಮಕ್ಕಳು ಬೆಳೆದರು. ಸುತ್ತ ತಲೆಬುರುಡೆ, ಹಾವು. ಅಜ್ಜ ಓದಿದ ಪತ್ರಿಕೆ, ಅಪ್ಪ ಓದಿದ ಪತ್ರಿಕೆ ಅನ್ನುವ ನಂಬಿಕೆಯಿಂದ ಮನೆಯವರು ಅದನ್ನು ಕೈಗಿಟ್ಟರು. ಅದೇ ಮನೆಯ ಮೊಮ್ಮಕ್ಕಳು ಈಗ ಬೆಂಗಳೂರಿನ ಶಾಲೆಯಿಂದಲೋ ನ್ಯೂಜೆರ್ಸಿಯ ಲೈಬ್ರರಿಯಿಂದಲೋ ಒಂದು ಬಣ್ಣದ ಕಾಮಿಕ್ಸ್ ತಂದರೆ ಮೊದಲು ಪುಟ ತಿರುಗಿಸಿ ನೋಡುತ್ತೇವೆ. ನೋಡುವುದು ತಪ್ಪಲ್ಲ. ಮೊದಲ ಪುಟದಿಂದ ನೋಡಬೇಕು, ಅಷ್ಟೆ.

ಇನ್ನೂ ಓದುತ್ತಿರುವವರು

ನೆಟ್‌ಫ್ಲಿಕ್ಸ್ 2019ರಲ್ಲಿ ‘ಬೋನ್’ ಅನಿಮೇಷನ್ ಸರಣಿ ಮಾಡುವುದಾಗಿ ಹೇಳಿ 2022ರಲ್ಲಿ ಕೈಬಿಟ್ಟಿತು. ಓದುಗರಲ್ಲಿ ಕೆಲವರಿಗೆ ನಿರಾಸೆ, ಕೆಲವರಿಗೆ ಸಮಾಧಾನ. ಎರಡೂ ಪ್ರೀತಿಯಿಂದಲೇ ಬಂದ ಮಾತುಗಳು. ಕಪ್ಪು ಬಿಳುಪಿನ ಒಂದೇ ಸಂಪುಟದ ನಂತರ 2011ರಲ್ಲಿ ಬಣ್ಣದ ಒಂದೇ ಸಂಪುಟವೂ ಬಂತು. ಹಳೆಯ ಜಗಳ ಮಾಡಲು ಬಯಸುವವರು ಈಗ ಎರಡನ್ನೂ ಎದುರಿಟ್ಟುಕೊಂಡು ಮಾಡಬಹುದು.

ಮಗುವಿಗೆ ಕೊಡಬಹುದಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟು. ಬಣ್ಣದ ಬಿಡಿ ಭಾಗಗಳಿಂದ ಶುರುಮಾಡಿ, ದಪ್ಪ ಸಂಪುಟ ಚಿಕ್ಕ ಕೈಗಳಿಗೆ ಹಿಡಿಯಲಾಗದು. ಎಂಟು ತುಂಬಿದ ಮಗುವಿಗೆ ಮೊದಲ ಮೂರು ಭಾಗ ಧಾರಾಳವಾಗಿ ಕೊಡಿ. ಸಿಗಾರ್ ಬಗ್ಗೆ ಕೇಳಿದರೆ ಉತ್ತರ ಹೇಳಿ, ಕೇಳದಿದ್ದರೆ ಬಿಡಿ. ನಾಲ್ಕನೆಯದರಿಂದ ಕಥೆ ಕಪ್ಪಾಗುತ್ತದೆ, ಆಗ ನೀವೂ ಒಂದು ಸಲ ಓದಿಕೊಂಡಿರಿ. ಏಳನೆಯದರಲ್ಲಿ ಕನಸಿನ ಪುಟಗಳನ್ನು ಹಾರಿಸಿಕೊಂಡು ಓದಿದರೆ ತಡೆಯಬೇಡಿ, ಮುಂದಿನ ಸಲ ಅವರೇ ಹಿಂದಕ್ಕೆ ಬಂದು ಓದುತ್ತಾರೆ. ಒಂಬತ್ತನೆಯದನ್ನು ಮಾತ್ರ ಮಲಗುವ ಹೊತ್ತಿಗೆ ಕೊಡಬೇಡಿ. ರಜೆಯ ಬೆಳಿಗ್ಗೆ ಕೊಡಿ, ಮುಗಿದ ಮೇಲೆ ಮಾತಾಡಲು ನೀವು ಮನೆಯಲ್ಲಿರಿ.